ಒಲೆ ಹಚ್ಚುವ ಮುಂಚಿನ ಒಂದು ತಾಸು

ಬಳ್ಳಾರಿ
ಏಪ್ರಿಲ್, ಎರಡನೇ ವಾರ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಬಂದ ದಿನವೇ ಓದಿದೆ, ಮಾರನೇ ದಿನ ಮತ್ತೆ ಓದಿದೆ. ಸಿರುಗುಪ್ಪದ ಆಚೆಗಿನ ನಿಮ್ಮೂರಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು ಬಳ್ಳಾರಿಗೆ ಕಾಲೇಜಿಗೆ ಬರುವುದು, ಸಂಜೆ ಆರೂವರೆಗೆ ಮನೆ ಸೇರುವುದು, ರೊಟ್ಟಿ ಬಡಿದು ಪಾತ್ರೆ ತಿಕ್ಕಿ ರಾತ್ರಿ ಹನ್ನೊಂದಕ್ಕೆ ಪುಸ್ತಕ ತೆಗೆದರೆ ಎರಡನೇ ಪುಟಕ್ಕೇ ಕಣ್ಣು ಎಳೆಯುವುದು, ಎಲ್ಲ ಬರೆದಿದ್ದೀ. ಕೊನೆಗೆ ಒಂದು ಮಾತು ಕೇಳಿದ್ದೀ: "ಟೀಚರಜ್ಜಿ, ದಿನಕ್ಕೆ 24 ತಾಸು ಎಲ್ಲರಿಗೂ ಒಂದೇ ಅಂತಾರೆ. ನನಗೊಬ್ಬಳಿಗೇ ಯಾಕೆ ಸಾಲವಲ್ಲದು?"

ಎಲ್ಲರಿಗೂ ಒಂದೇ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಾತು ಹೇಳುವವರ ಮನೆಯಲ್ಲಿ ನೀರು ತುಂಬುವವರು, ಕಸ ಹೊಡೆಯುವವರು ಬೇರೆ ಯಾರೋ ಇರುತ್ತಾರೆ. ನಿನ್ನ ಕಾಗದದಲ್ಲಿ ನನಗೆ ಕಾಣಿಸಿದ್ದು ಸೋಮಾರಿತನವಲ್ಲ. ನಿನ್ನ ಹೊತ್ತಿಗೆ ಬಾಗಿಲೇ ಇಲ್ಲ. ಯಾರು ಬೇಕಾದರೂ ಒಳಗೆ ಬರುತ್ತಾರೆ, ಬೇಕಾದಷ್ಟು ತೆಗೆದುಕೊಂಡು ಹೋಗುತ್ತಾರೆ.

ಎಲ್ಲ ಹಿರಿಯರ ಹಾಗೆ ನಾನೂ ನಿನಗೆ ಬೇಗ ಏಳು ಅಂತಲೇ ಹೇಳುವವಳು. ಆದರೆ ಅಷ್ಟನ್ನೇ ಹೇಳಿ ಸುಮ್ಮನಾದರೆ ಮೋಸವಾಗುತ್ತದೆ. ಯಾಕೆಂದರೆ ನಾನು ಕಂಡ ಹೆಂಗಸರಲ್ಲಿ ನನ್ನ ಅವ್ವನಷ್ಟು ಬೇಗ ಏಳುತ್ತಿದ್ದವರು ಯಾರೂ ಇಲ್ಲ, ಆಕೆಯಷ್ಟು ಹೊತ್ತಿಲ್ಲದೆ ಬದುಕಿದವರೂ ಇಲ್ಲ.

ನಾನು ಹುಟ್ಟಿದ್ದು 1956ರಲ್ಲಿ, ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಕಾಲುವೆ ನೀರು ಹರಿಯಲು ಶುರುವಾಗಿ ಬಹಳ ವರ್ಷವಾಗಿರಲಿಲ್ಲ. ಅದಕ್ಕೂ ಮುಂಚೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲ ನೋಡನೋಡುತ್ತಿದ್ದಂತೆ ಭತ್ತದ ಗದ್ದೆಯಾಯಿತು. ಸಿರುಗುಪ್ಪವನ್ನು ಭತ್ತದ ಕಣಜ ಅನ್ನುತ್ತಾರಲ್ಲ, ಆ ಕಣಜ ತುಂಬಿದ್ದು ನಮ್ಮವ್ವನಂಥವರ ಬೆನ್ನಿನ ಮೇಲೆ. ನಾಟಿಯ ದಿನಗಳಲ್ಲಿ ಆಕೆ ಕೋಳಿ ಕೂಗುವ ಮುಂಚೆ ಏಳುತ್ತಿದ್ದಳು. ಅಂಗಳಕ್ಕೆ ಸೆಗಣಿ ನೀರು ಚಳೆ ಹೊಡೆದು, ಎಮ್ಮೆ ಹಿಂಡಿ, ಒಲೆ ಹಚ್ಚಿ, ಹದಿನೈದು ಇಪ್ಪತ್ತು ರೊಟ್ಟಿ ಬಡಿದು, ಬುತ್ತಿ ಕಟ್ಟಿಟ್ಟು, ಇನ್ನೂ ಕತ್ತಲಿರುವಾಗಲೇ ಸಸಿ ಕೀಳಲು ಭತ್ತದ ಸಸಿಮಡಿಗೆ ಇಳಿಯುತ್ತಿದ್ದಳು.

ಆ ಸಸಿ ಕೀಳುವುದನ್ನು ನೀನೂ ನೋಡಿರುತ್ತೀ, ಆದರೂ ಹೇಳುತ್ತೇನೆ. ನಸುಕಿನಲ್ಲಿ ಮಡಿಯ ನೀರು ಪಾದಕ್ಕೆ ತಣ್ಣಗೆ ಕೊರೆಯುತ್ತದೆ. ಹೆಂಗಸರು ಸೀರೆ ಮೇಲೆತ್ತಿ ಕಟ್ಟಿಕೊಂಡು ಸಾಲಾಗಿ ಬಗ್ಗುತ್ತಾರೆ. ಎರಡೂ ಕೈಯಿಂದ ಸಸಿಯ ಬುಡ ಹಿಡಿದು, ಬೇರು ಹರಿಯದ ಹಾಗೆ ನಿಧಾನಕ್ಕೆ ಎಳೆದು, ಮುಷ್ಟಿ ತುಂಬುತ್ತಲೇ ಕಾಲಿನ ಮೇಲೆ ಎರಡು ಸಲ ಬಡಿದು ಮಣ್ಣು ಉದುರಿಸಿ, ಒಂದು ಎಳೆ ಹುಲ್ಲಿನಿಂದ ಸುತ್ತಿ ಕಟ್ಟಿ ಹಿಂದಕ್ಕೆ ಎಸೆಯುತ್ತಾರೆ. ಮುಂದಿನ ಮುಷ್ಟಿ. ಯಾರೂ ಮಾತಾಡುವುದಿಲ್ಲ. ನೀರಿನ ಸದ್ದು, ಬೇರು ಬಿಡುವ ಚಟ್ ಚಟ್ ಸದ್ದು ಅಷ್ಟೇ. ಹೊತ್ತು ಮೂಡುವುದರೊಳಗೆ ಕಟ್ಟುಗಳು ಗದ್ದೆ ಸೇರಿರಬೇಕು. ಮಧ್ಯಾಹ್ನಕ್ಕೆ ಅದೇ ನೀರು ಕಾಲು ಸುಡುವಷ್ಟು ಕಾಯುತ್ತದೆ, ಕಿತ್ತ ಸಸಿ ಬಿಸಿಲಿಗೆ ಬಾಡುತ್ತದೆ. ಅದಕ್ಕೇ ನಸುಕು. ಯಾರ ಗುಣವೂ ಅಲ್ಲ, ಹಟವೂ ಅಲ್ಲ. ಬಿಸಿಲು ಮಾಡಿದ ಕಾನೂನು.

ನಮ್ಮ ಸೀಮೆಯಲ್ಲಿ 'ಹೊತ್ತು' ಅಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತು ಮೂಡಿತು, ಹೊತ್ತು ಏರಿತು, ಹೊತ್ತು ಮುಣುಗಿತು. ಹೊತ್ತಿಗೆ ಸರಿಯಾಗಿ ಬಾ, ಹೊತ್ತು ಮೀರಿತು. ಎರಡಕ್ಕೂ ಒಂದೇ ಮಾತು ಸಾಕಾಗಿದೆ. ಬಳ್ಳಾರಿಯಂಥ ಊರಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್, ಮೇ ಬಂತೆಂದರೆ ಸರ್ಕಾರವೇ ಬಿಸಿಲಿಗೆ ತಲೆಬಾಗಿ, ಬಳ್ಳಾರಿಯೂ ಸೇರಿದ ಹಾಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಎಂದು ಬದಲಿಸುತ್ತದೆ. 40 ಡಿಗ್ರಿ ದಾಟಿದ ಮಧ್ಯಾಹ್ನ ಯಾರ ಕೈಲೂ ಕೆಲಸ ಸಾಗುವುದಿಲ್ಲವೆಂಬುದು ಆದೇಶ ಹೊರಡಿಸುವವರಿಗೂ ಗೊತ್ತು. ಮತ್ತೆ ನಮ್ಮ ಊರುಗಳ ಬಂಡೆ ನೋಡು. ಬಳ್ಳಾರಿ ಗುಡ್ಡವಾಗಲಿ ಕುರುಗೋಡಿನ ಗುಡ್ಡವಾಗಲಿ, ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಬಹಳ ಹೊತ್ತು ಬಿಡುತ್ತಲೇ ಇರುತ್ತವೆ. ಹತ್ತು ಗಂಟೆಗೆ ಫ್ಯಾನ್ ಹಾಕಿದರೂ ಬಿಸಿಗಾಳಿ. ಇಡೀ ದಿನದಲ್ಲಿ ಅತಿ ತಂಪಾದ ವೇಳೆ ಹೊತ್ತು ಮೂಡುವ ಆಸುಪಾಸಿನದು. ನೀನು ಪುಸ್ತಕ ತೆಗೆಯುವ ಆ ಹನ್ನೊಂದು ಗಂಟೆ ಇದೆಯಲ್ಲ, ಅದು ಬಿಸಿಲಿನ ಬಾಲ. ದಣಿದ ಮೈ, ಕಾದ ಕೋಣೆ, ಕೈಯಲ್ಲಿ ಫೋನು. ಅಲ್ಲಿ ಓದು ಹತ್ತದಿದ್ದರೆ ಅದು ನಿನ್ನ ಬುದ್ಧಿಯ ತಪ್ಪಲ್ಲ.

ಇನ್ನೊಂದು ಮಾತು ಎರೆಹೊಲದವರಿಂದ ಕಲಿತದ್ದು. ಹಿಂಗಾರಿನ ಕಡಲೆ ಕೀಳುವುದಕ್ಕೆ ನಸುಕಿನಲ್ಲೇ ಹೋಗಬೇಕು, ಇಬ್ಬನಿ ಗಿಡದ ಮೇಲೆ ಇರುವಾಗಲೇ. ಬಿಸಿಲೇರಿದರೆ ಒಣಗಿದ ಕಾಯಿ ಸಿಡಿದು ಕಾಳು ಮಣ್ಣುಪಾಲಾಗುತ್ತದೆ, ಗಿಡ ಕೈ ಕೊರೆಯುತ್ತದೆ. ಅದರ ಪಕ್ಕದ ಹೊಲದಲ್ಲಿ ಹತ್ತಿ ಇದೆಯೆನ್ನು. ಅದನ್ನು ಬಿಡಿಸಲು ಇಬ್ಬನಿ ಆರುವ ತನಕ ಕಾಯಬೇಕು. ಹಸಿ ಹತ್ತಿ ಅಂಡಿಗೆಯಲ್ಲಿ ಕೆಡುತ್ತದೆ, ದರ ಬೀಳುತ್ತದೆ. ಅದೇ ಇಬ್ಬನಿ. ಒಂದು ಬೆಳೆಗೆ ಅದಿರುವಾಗ ಹೋಗಬೇಕು, ಇನ್ನೊಂದಕ್ಕೆ ಅದು ಹೋದ ಮೇಲೆ. ಹೀಗಾಗಿ ನಸುಕಿನಲ್ಲಿ ಎದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಮಾಡುವುದು ನಮ್ಮ ರೈತರ ಬುದ್ಧಿಯಲ್ಲ. ಎದ್ದ ಮೇಲೆ ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಕಾಯಿಸಬೇಕು, ಅದು ಹಿಂದಿನ ರಾತ್ರಿಯೇ ಗೊತ್ತಿರುತ್ತದೆ. ನಿನಗೆ ಹೆದರಿಕೆ ಹುಟ್ಟಿಸುವ ವಿಷಯ ಯಾವುದು? ಲೆಕ್ಕಶಾಸ್ತ್ರ ಅಂತ ಬರೆದಿದ್ದೀ. ಅದು ನಿನ್ನ ಕಡಲೆ. ನೋಟ್ಸ್ ನಕಲು ಮಾಡುವುದು, ಫಾರ್ಮ್ ತುಂಬುವುದು, ಇಸ್ತ್ರಿ ಹಾಕುವುದು, ಇವೆಲ್ಲ ಹತ್ತಿ. ಇಬ್ಬನಿ ಆರಿದ ಮೇಲೆ ಮಾಡು.

ರೈತರ ಬೆಳಗು ಹೇಳಿದೆ, ಇನ್ನು ಒಬ್ಬ ರಾಜನ ಬೆಳಗು. ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ, 2021ರ ತನಕ ನಮ್ಮ ಬಳ್ಳಾರಿಯದೇ ಆಗಿತ್ತು. ಹಾಗಾಗಿ ಕೃಷ್ಣದೇವರಾಯನ ಬೆಳಗನ್ನು ನಮ್ಮ ಊರಿನ ಕಥೆಯಾಗಿಯೇ ಹೇಳುತ್ತೇನೆ. 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೆಲ್ಲ ಅದನ್ನೇ ಹಚ್ಚಿಸಿಕೊಳ್ಳುತ್ತಿದ್ದ, ಭಾರ ಎತ್ತಿ ಕತ್ತಿ ತಿರುವಿ ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಬಿಡುತ್ತಿರಲಿಲ್ಲ, ಜಟ್ಟಿಯೊಂದಿಗೆ ಕುಸ್ತಿ ಹಿಡಿದು, ಆಮೇಲೆ ಕುದುರೆ ಹತ್ತಿ ಬಯಲಿನಲ್ಲಿ ಬೆಳಗಾಗುವವರೆಗೂ ಓಡಿಸುತ್ತಿದ್ದ. ಆಮೇಲೆ ಸ್ನಾನ, ಪೂಜೆ. ಅದೆಲ್ಲ ಮುಗಿದ ಮೇಲೆ ರಾಜ್ಯದ ಅಧಿಕಾರಿಗಳ ಭೇಟಿ. ನಾನು ಮಕ್ಕಳಿಗೆ ಇದನ್ನು ಬಹಳ ಸಲ ಹೇಳಿದ್ದೇನೆ, ವ್ಯಾಯಾಮದ ಮಹತ್ವಕ್ಕೆಂದು. ಈಗ ಅನ್ನಿಸುವುದೇ ಬೇರೆ. ಅಷ್ಟು ದೊಡ್ಡ ರಾಜ್ಯ, ಸಾವಿರ ಜನ ಬಾಗಿಲಲ್ಲಿ ಕಾದಿರುತ್ತಿದ್ದರು. ಆದರೂ ದಿನದ ಮೊದಲ ಹೊತ್ತನ್ನು ಆತ ಯಾರಿಗೂ ಕೊಡಲಿಲ್ಲ.

ರಾಜನಿಗೆ ಅದು ಸುಲಭ. ನಮ್ಮವ್ವನಿಗೆ ಆಗಲಿಲ್ಲ. ನನಗೂ ಬಹಳ ವರ್ಷ ಆಗಲಿಲ್ಲ.

1978ರಲ್ಲಿ ನಾನು ಕುರುಗೋಡಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಈಗದು ತಾಲ್ಲೂಕು ಕೇಂದ್ರ, ಆಗ ಬಂಡೆಗಳ ನಡುವಿನ ದೊಡ್ಡ ಹಳ್ಳಿ. ಮದುವೆಯಾಯಿತು, ಎರಡು ಮಕ್ಕಳಾದವು. ಮನೆಯಲ್ಲೇ ಓದಿ ಬಿ.ಎ. ಮಾಡಬೇಕೆಂಬ ಆಸೆ ಒಳಗೇ ಇತ್ತು. ಬಾಹ್ಯ ವಿದ್ಯಾರ್ಥಿಯಾಗಿ ಪರೀಕ್ಷೆ ಕಟ್ಟಿದೆ. ನಸುಕಿನ ನಾಲ್ಕೂವರೆಗೆ ಏಳುತ್ತಿದ್ದೆ, ಓದಲಿಕ್ಕೆಂದೇ. ಎದ್ದು ದೀಪ ಹಾಕಿದ ಕೂಡಲೆ ಒಳಗಿನಿಂದ ಯಾರಾದರೂ, "ಎದ್ದಿಯೇನು? ಹಂಗಾರೆ ಒಂದೀಟು ಚಹಾ ಇಡು" ಅನ್ನುತ್ತಿದ್ದರು. ಚಹಾ ಇಟ್ಟ ಮೇಲೆ ಒಲೆ ಬಿಸಿಯಾಗಿದೆ, ನೀರೂ ಕಾಯಲಿ ಅನ್ನಿಸುತ್ತಿತ್ತು. ನೀರು ಕಾದ ಮೇಲೆ ಹಿಟ್ಟು ನಾದುವುದು. ಆರೂವರೆಗೆ ಪುಸ್ತಕದ ಕಡೆ ನೋಡಿದರೆ ಇಟ್ಟ ಜಾಗದಲ್ಲೇ ಇರುತ್ತಿತ್ತು. ನಾನು ಬೇಗ ಎದ್ದದ್ದರಿಂದ ಮನೆಯವರಿಗೆಲ್ಲ ಬೇಗ ಚಹಾ ಸಿಕ್ಕಿತು, ಅಷ್ಟೇ. 1984ರಲ್ಲಿ ಅರ್ಥಶಾಸ್ತ್ರದಲ್ಲಿ ಫೇಲಾದೆ. ಯಾರನ್ನೂ ದೂರುವ ಹಾಗಿರಲಿಲ್ಲ. ಯಾರೂ ನನ್ನ ಪುಸ್ತಕ ಕಸಿದುಕೊಂಡಿರಲಿಲ್ಲ. ಬೇಡ ಅನ್ನುವ ಮಾತು ನನ್ನ ಬಾಯಿಗೇ ಬಂದಿರಲಿಲ್ಲ.

ಆ ವರ್ಷ ಅವ್ವ ಒಂದು ತಿಂಗಳು ನಮ್ಮಲ್ಲಿಗೆ ಬಂದಿದ್ದಳು. ಒಂದು ದಿನ ಬೆಳಿಗ್ಗೆ, "ದೊಡ್ಡಬಸವಣ್ಣನ ಗುಡಿಗೆ ಹೋಗೂಣು ಬಾ" ಅಂದಳು. ಕುರುಗೋಡಿನ ಆ ಬಸವಣ್ಣನನ್ನು ನೀನು ನೋಡಿರುತ್ತೀ, ಒಂದೇ ಕಲ್ಲಿನ ಬೃಹತ್ ಬಸವ. ಎದುರಿಗೆ ನಿಂತರೆ ಮನುಷ್ಯನ ಗಾತ್ರವೇ ಸಣ್ಣದಾಗುತ್ತದೆ. ಕೈ ಮುಗಿದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಇನ್ನೂ ನಸುಗತ್ತಲೆ. ಅವ್ವ ಏಳಲೇ ಇಲ್ಲ. ಬಂಡೆಯ ಅಂಚು ಮೊದಲು ಬೂದಿ ಬಣ್ಣವಾಯಿತು, ಆಮೇಲೆ ಕೆಂಪೇರಿತು, ಗಿಳಿಗಳು ಹಾರಿದವು. ಅವ್ವ ನೋಡುತ್ತಲೇ ಇದ್ದಳು. ನಾನು ಶಾಲೆಗೆ ಹೊತ್ತಾಯಿತೆಂದು ಚಡಪಡಿಸುತ್ತಿದ್ದೆ. ಆಗ ಅವ್ವ ಅಂದಳು:

"ನಲವತ್ತು ವರ್ಷ ನಸಿಕಿಲೆ ಎದ್ದೀನಿ. ಒಂದಿನಾನೂ ಬೆಳಗು ನೋಡಿರಲಿಲ್ಲ."

ಆಕೆಗೆ ಅದು ದೂರೇನೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೆ ಮಾತ್ರ ದಾರಿಯುದ್ದಕ್ಕೂ ಗಂಟಲು ಕಟ್ಟಿತ್ತು.

ಅವತ್ತು ರಾತ್ರಿ ಊಟವಾದ ಮೇಲೆ ಮನೆಯವರಿಗೆ ಹೇಳಿದೆ. ನಾಲ್ಕೂಮುಕ್ಕಾಲಿನಿಂದ ಐದೂಮುಕ್ಕಾಲಿನ ತನಕ ನಾನು ಎದ್ದಿರುತ್ತೇನೆ, ಆದರೆ ಒಲೆ ಹಚ್ಚುವುದಿಲ್ಲ. ನನ್ನನ್ನು ಯಾರೂ ಕರೆಯಬಾರದು. ಮಗು ಅತ್ತರೆ ನೀವು ಎತ್ತಿಕೊಳ್ಳಬೇಕು. ಹೇಳುವಾಗ ಧ್ವನಿ ನಡುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಹಾಕ್ಕೆ ಸಕ್ಕರೆ ಎಷ್ಟು ಹಾಕ್ತಾರೆ?" ಅಂತ ಕೇಳಿದರು. ಅಲ್ಲಿಂದ ಶುರುವಾಯಿತು. ಮಾರನೇ ವರ್ಷ ಪಾಸಾದೆ. ಎಲ್ಲ ಅಲ್ಲಿಗೆ ಸರಿಹೋಯಿತೆಂದು ತಿಳಿಯಬೇಡ. ಅತ್ತೆ ಹಾಸಿಗೆ ಹಿಡಿದ ಎರಡು ವರ್ಷ ಆ ತಾಸು ಪೂರ್ತಿ ಕೈಬಿಟ್ಟುಹೋಯಿತು, ಹೋಗಬೇಕಾದದ್ದೇ ಆಗಿತ್ತು. ಆಮೇಲೆ ಮತ್ತೆ ಹಿಡಿದೆ. 2016ರಲ್ಲಿ ನಿವೃತ್ತಳಾಗಿ ಬಳ್ಳಾರಿಗೆ ಬಂದ ಮೇಲೂ ಅದೇ ತಾಸು. ಈ ಕಾಗದವನ್ನೂ ಅದೇ ಹೊತ್ತಿನಲ್ಲಿ, ಐದು ಬೆಳಗು ಕೂತು ಬರೆಯುತ್ತಿದ್ದೇನೆ.

ಇನ್ನು ಹೇಳಬೇಕಾದ್ದೊಂದು ನಿಮ್ಮವ್ವನ ಮಾತು. ಅವಳು ನನ್ನ ವಿದ್ಯಾರ್ಥಿನಿ ಎಂಬುದು ನಿನಗೆ ಗೊತ್ತು. ಮುಂದಿನದು ಗೊತ್ತಿಲ್ಲದಿರಬಹುದು. ಶನಿವಾರ ಬೆಳಗಿನ ಶಾಲೆ. ನಾನು ಮೊದಲ ಪಿರಿಯಡ್ಡಿಗೆ ಗಣಿತ ಹಾಕಿಕೊಳ್ಳುತ್ತಿದ್ದೆ. ತಂಪು ಹೊತ್ತಿನಲ್ಲಿ ಮಕ್ಕಳ ತಲೆ ಹೇಗೆ ಓಡುತ್ತಿತ್ತೆಂದರೆ, ವಾರದ ಬೇರೆ ದಿನ ಮಧ್ಯಾಹ್ನ ಎರಡು ತರಗತಿ ಹಿಡಿಯುವ ಪಾಠ ಶನಿವಾರ ಒಂದರಲ್ಲೇ ಮುಗಿಯುತ್ತಿತ್ತು. ನಿಮ್ಮವ್ವ ಲೆಕ್ಕದಲ್ಲಿ ಬಹಳ ಚುರುಕು, ಬಾಯಲ್ಲೇ ಬಿಡಿಸುತ್ತಿದ್ದಳು. ಆದರೆ ಶನಿವಾರ ಮಾತ್ರ ತೂಕಡಿಸುತ್ತಿದ್ದಳು. ಒಂದು ಸಲ ಸಿಟ್ಟು ಬಂದು ಎದ್ದು ನಿಲ್ಲಿಸಿದೆ. ಇಡೀ ಪಿರಿಯಡ್ ನಿಂತೇ ಇದ್ದಳು, ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ನಸುಕಿನ ನಾಲ್ಕಕ್ಕೆ ಎದ್ದು ಮನೆ ಮಂದಿಗೆಲ್ಲ ರೊಟ್ಟಿ ಬಡಿದು ಬರುತ್ತಿದ್ದಾಳೆಂದು ನನಗೆ ತಿಳಿದದ್ದು ಏಳನೆಯ ತರಗತಿಗೆ ಅವಳನ್ನು ಶಾಲೆ ಬಿಡಿಸಿದ ಮೇಲೆ. ನಾನು ಆ ಹೊತ್ತಿಗೆ ನನ್ನ ತಾಸನ್ನು ಗೆದ್ದುಕೊಂಡಿದ್ದವಳು. ಆದರೂ ನನ್ನೆದುರಿಗೆ ಕೂತಿದ್ದ ಹನ್ನೆರಡು ವರ್ಷದ ಹುಡುಗಿಯ ಬೆಳಗು ಎಲ್ಲಿ ಹೋಗುತ್ತಿದೆ ಎಂದು ಕೇಳಲಿಲ್ಲ. ಈ ತಪ್ಪನ್ನು ಅವಳಿಗೆ ನೇರವಾಗಿ ಹೇಳಬೇಕಿತ್ತು. ಇಷ್ಟು ವರ್ಷ ಆಗಲಿಲ್ಲ. ಈ ಭಾಗವನ್ನು ಅವಳಿಗೆ ಓದಿ ಹೇಳು.

ಓದಿ ಹೇಳಿದ ಮೇಲೆ, ಆ ಬಿಸಿಯಲ್ಲೇ ನಿನ್ನ ತಾಸನ್ನು ಕೇಳು. ಐದರಿಂದ ಆರು. ಆ ಹೊತ್ತಿನಲ್ಲಿ ನಾನು ಒಲೆ ಹತ್ತಿರ ಬರುವುದಿಲ್ಲ, ನೀರು ತುಂಬುವುದಿಲ್ಲ ಅಂತ ಬಾಯಿಬಿಟ್ಟು ಹೇಳು. ಸುಮ್ಮನೆ ಎದ್ದು ಕೂತರೆ ನಡೆಯುವುದಿಲ್ಲ. ಎದ್ದವಳಿಗೆ ಕೆಲಸ ಅಂಟುತ್ತದೆ, ಅದು ನನಗಾದ ಅನುಭವ. ನಿಮ್ಮಣ್ಣ ಎಂಟರ ತನಕ ಮಲಗುತ್ತಾನೆ ಅಂತ ಬರೆದಿದ್ದೀ. ನಲ್ಲಿ ನೀರು ಬರುವ ದಿನ ಕೊಡ ಹಿಡಿಯುವುದು ಅವನ ಕೆಲಸವಾಗಲಿ. ಕೇಳಿದ ಕೂಡಲೆ ಒಪ್ಪುವುದಿಲ್ಲ. ಎರಡನೇ ಸಲ, ಮೂರನೇ ಸಲ ಕೇಳು. ಕೂಗಾಡಬೇಡ, ಅಳಬೇಡ. ಒಪ್ಪುವ ತನಕ ಅದನ್ನೇ ಅದೇ ಮಾತಿನಲ್ಲಿ ಕೇಳು. ನಿಮ್ಮವ್ವ ನಿನ್ನ ಪರ ನಿಲ್ಲುತ್ತಾಳೆ ಅನ್ನುವ ನಂಬಿಕೆ ನನಗಿದೆ. ತರಗತಿಯಲ್ಲಿ ನಿಂತೇ ತೂಕಡಿಸಿದವಳು ಅವಳು.

ಇನ್ನು ನಿದ್ದೆ. ಇದರಲ್ಲಿ ನಾನು ಕಟ್ಟುನಿಟ್ಟು. ನಿದ್ದೆಯಿಂದ ಕದ್ದು ತಂದ ಬೆಳಗು ಒಂದು ವಾರವೂ ಬಾಳುವುದಿಲ್ಲ. ಐದಕ್ಕೆ ಏಳಬೇಕಾದರೆ ಹತ್ತಕ್ಕೆ ಮಲಗಬೇಕು, ಏಳು ತಾಸಿಗೆ ಕಡಿಮೆಯಾಗಬಾರದು. ನಮ್ಮ ಮೈಯ ಹೆಚ್ಚುಕಡಿಮೆ ಒಂದೊಂದು ಜೀವಕೋಶದಲ್ಲೂ ಒಂದು ಗಡಿಯಾರವಿದೆ, ಹಗಲು ರಾತ್ರಿಗೆ ತಕ್ಕ ಹಾಗೆ ಅದು ನಡೆಯುತ್ತದೆ. ಅದು ಕೆಲಸ ಮಾಡುವ ರೀತಿಯನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಹರೆಯದವರಲ್ಲಿ ಆ ಗಡಿಯಾರ ಸ್ವಲ್ಪ ತಡವಾಗಿ ನಡೆಯುವುದು ಸಹಜ. ಇಪ್ಪತ್ತರ ನಿನಗೆ ಐದಕ್ಕೆ ಏಳುವುದು ಎಪ್ಪತ್ತರ ನನಗಿಂತ ಕಷ್ಟ, ಇದನ್ನು ಒಪ್ಪುತ್ತೇನೆ. ಆದರೆ ಆ ಗಡಿಯಾರವನ್ನು ತಿದ್ದುವುದು ಬೆಳಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಅದು ಮುಂದಕ್ಕೆ ಸರಿಯುತ್ತದೆ, ರಾತ್ರಿ ಹನ್ನೊಂದಕ್ಕೆ ಫೋನಿನ ಬೆಳಕು ಬಿದ್ದರೆ ಹಿಂದಕ್ಕೆ ಸರಿಯುತ್ತದೆ. ನಾವು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುತ್ತಿದ್ದೆವು, ಮೂಡಣ ಬೆಳ್ಳಗಾದರೆ ಯಾರೂ ಎಬ್ಬಿಸದೆ ಎಚ್ಚರವಾಗುತ್ತಿತ್ತು. ನೀನು ಕಿಟಕಿಯ ಪರದೆ ಸರಿಸಿ ಮಲಗು. ಒಂದೇ ದಿನಕ್ಕೆ ಈಗ ಏಳುವ ಹೊತ್ತಿನಿಂದ ಐದಕ್ಕೆ ಹಾರಬೇಡ. ವಾರಕ್ಕೆ ಕಾಲು ತಾಸಿನಂತೆ ಹಿಂದಕ್ಕೆ ಬಾ.

ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬಳ್ಳಾರಿ ಅದಕ್ಕಿಂತ ಪಶ್ಚಿಮಕ್ಕಿದೆ, ಹಾಗಾಗಿ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 22 ನಿಮಿಷ ಹಿಂದೆ. ಮೇ ತಿಂಗಳಲ್ಲಿ ಆರಕ್ಕೂ ಮುಂಚೆ ಮೂಡುವ ಹೊತ್ತು ಜನವರಿಯಲ್ಲಿ ಆರೂಮುಕ್ಕಾಲು ದಾಟುತ್ತದೆ. ಆದ್ದರಿಂದ ಶುರು ಮಾಡುವುದಾದರೆ ಈಗಲೇ ಮಾಡು. ಬೇಸಿಗೆ ನಿನಗೆ ಸಹಾಯ ಮಾಡುತ್ತದೆ. ಚಳಿಗಾಲದ ಕತ್ತಲಲ್ಲಿ ಹೊಸದಾಗಿ ಕಲಿಯುವುದು ಕಷ್ಟ, ಕಲಿತದ್ದನ್ನು ನಡೆಸಿಕೊಂಡು ಹೋಗುವುದು ಅಷ್ಟು ಕಷ್ಟವಲ್ಲ.

ಮಲಗುವ ಮುಂಚೆ ಮಾರನೆಯ ಬೆಳಗಿನ ಪುಟ ತೆರೆದಿಡು. ಪುಸ್ತಕವನ್ನಲ್ಲ, ಪುಟವನ್ನು. ಯಾವ ಲೆಕ್ಕದಿಂದ ಶುರು ಅನ್ನುವುದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕು. ಪಕ್ಕದಲ್ಲಿ ಹಾಳೆ, ಪೆನ್ನು, ಒಂದು ಚೊಂಬು ನೀರು. ಎದ್ದ ಮೇಲೆ ಏನು ಓದಲಿ ಎಂದು ಹುಡುಕುತ್ತ ಕೂತರೆ ತಾಸಿನ ಕಾಲು ಭಾಗ ಅಲ್ಲೇ ಹೋಯಿತು. ಫೋನು ನಿನ್ನ ಕೋಣೆಯಲ್ಲಿ ಇರಕೂಡದು, ಅಲಾರಂ ನೆಪಕ್ಕೂ ಬೇಡ. ಅಲಾರಂ ನಿಲ್ಲಿಸಲು ಎತ್ತಿದ ಫೋನನ್ನು ಅರ್ಧ ತಾಸು ಕೆಳಗಿಡದೆ ಇರುವುದನ್ನು ನನ್ನ ಮೊಮ್ಮಕ್ಕಳಲ್ಲಿ ದಿನಾ ನೋಡುತ್ತಿದ್ದೇನೆ.

ಬಸ್ಸಿನ ಹೊತ್ತಿನ ಬಗ್ಗೆ ಕೇಳಿದ್ದೀ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನಿನ್ನಂಥ ಎಷ್ಟೋ ಹುಡುಗಿಯರ ಓದು ಉಳಿಯಿತು, ಆ ಸಂತೋಷ ನನಗೆ ದೊಡ್ಡದು. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಅನ್ನುವುದೂ ನಿಜ. ತೆಕ್ಕಲಕೋಟೆ ದಾಟುವ ತನಕ ನಿಂತೇ ಬರುತ್ತೇನೆ ಅಂದಿದ್ದೀ. ಅಲ್ಲಿ ಪುಸ್ತಕ ಬಿಚ್ಚಬೇಡ. ಬೆಳಿಗ್ಗೆ ಮಾಡಿದ ಲೆಕ್ಕವನ್ನು ಮನಸ್ಸಿನಲ್ಲೇ ಮೊದಲಿನಿಂದ ಬಿಡಿಸು. ಎಲ್ಲಿ ತಡವರಿಸುತ್ತೀಯೋ ಅದನ್ನು ಇಳಿದ ಮೇಲೆ ನೋಡಿದರಾಯಿತು. ಸಂಜೆಯ ಬಸ್ಸಿನಲ್ಲಿ ಏನೂ ಮಾಡಬೇಡ, ಸೀಟು ಸಿಕ್ಕರೆ ಮಲಗು. ಸಂಜೆಯೂ ಓದಲೇಬೇಕೆಂಬ ಹಟ ಬೇಡ.

ರಾತ್ರಿಯನ್ನು ನಾನು ದ್ವೇಷಿಸುವವಳಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮೂರಿನಲ್ಲಿ ಬಯಲಾಟ ಆಗುತ್ತಿತ್ತು. ರಾತ್ರಿ ಹತ್ತಕ್ಕೆ ಶುರುವಾದರೆ ಮಂಗಳ ಹಾಡುವ ಹೊತ್ತಿಗೆ ಮೂಡಣ ಕೆಂಪಾಗಿರುತ್ತಿತ್ತು. ಕಂಬಳಿ ಹೊದ್ದು ಇಡೀ ಊರು ಎಚ್ಚರ. ಅದು ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಮಾತ್ರ, ಮಾರನೆ ದಿನ ಊರಿಗೆ ಊರೇ ಮಲಗುತ್ತಿತ್ತು. ಗೆಳತಿಯ ಮದುವೆಯೋ ಜಾತ್ರೆಯೋ ಬಂದರೆ ಹೋಗು, ರಾತ್ರಿಯಿಡೀ ಕೂಡು, ಮಾರನೆ ದಿನ ಐದಕ್ಕೆ ಏಳಲಿಲ್ಲವೆಂದು ಕೊರಗಬೇಡ. ಅದರ ಮರುದಿನ ಎದ್ದರಾಯಿತು. ನಿನ್ನ ತಾಸು ಎಲ್ಲಿಗೂ ಹೋಗಿರುವುದಿಲ್ಲ.

ಮೊದಲ ಹದಿನೈದು ದಿನ ಮಜಾ ಬರುವುದಿಲ್ಲ. ಕಣ್ಣು ಉರಿಯುತ್ತದೆ, ಮಧ್ಯಾಹ್ನ ಕಾಲೇಜಿನಲ್ಲಿ ತಲೆ ಭಾರವಾಗುತ್ತದೆ. ರಜಾ ದಿನ ಊಟವಾದ ಮೇಲೆ ಅರ್ಧ ತಾಸು ಮಲಗು, ನಮ್ಮ ಬಿಸಿಲಿನಲ್ಲಿ ಅದು ತಪ್ಪೇ ಅಲ್ಲ. ಆಮೇಲೆ ಒಂದು ದಿನ, ಯಾವುದೋ ಒಂದು ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ತಲೆಯೆತ್ತಿ ನೋಡಿದರೆ ಹೊರಗೆ ಬೆಳಕಾಗಿರುತ್ತದೆ, ಇನ್ನೂ ಯಾರೂ ನಿನ್ನನ್ನು ಕರೆದಿರುವುದಿಲ್ಲ. ಅವತ್ತಿನ ದಿನಾಂಕವನ್ನು ಪುಸ್ತಕದ ಅಂಚಿನಲ್ಲಿ ಬರೆದಿಡು. ನನಗೆ ಕಾಗದ ಹಾಕು.

ಮುಂದಿನ ವಾರ ನಿಮ್ಮೂರ ಕಡೆ ಬರುವವರ ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಕಳಿಸುತ್ತಿದ್ದೇನೆ. ಒಳಗೆ ನನ್ನ ಟೈಂಪೀಸ್ ಇದೆ, ಕುರುಗೋಡಿನ ಮನೆಯಲ್ಲಿ ಇದ್ದದ್ದು. ಅಲಾರಂ ಜೋರಿದೆ, ಮನೆಯವರಿಗೆ ಮೊದಲೇ ಹೇಳಿರು. ಹಿಂದುಗಡೆ ಎರಡು ಕೀಲಿಗಳಿವೆ, ಎಡಗಡೆಯದು ಅಲಾರಮ್ಮಿನದು. ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ. ರಾತ್ರಿ ಮಲಗುವ ಮುಂಚೆ ಕೀಲಿ ಕೊಡುವಾಗ ಮುಳ್ಳನ್ನು ಹಿಂದಕ್ಕೆ ಸರಿಸಿಕೋ.

ನಿಮ್ಮವ್ವನನ್ನು ಕೇಳಿದ್ದೇನೆಂದು ಹೇಳು.

ನಿನ್ನ
ಟೀಚರಜ್ಜಿ